ಬ್ಯಾಂಕಿನ ಕಡೆ ಕೂರಬೇಡಿ

ಜನವರಿ 11

ಚಿರಂಜೀವಿ ತಮ್ಮನಿಗೆ, ಅಂದರೆ ಚಿರಂಜೀವಿ ಜುಗ್ಗನಿಗೆ,

ಅಕ್ಕನ ಆಶೀರ್ವಾದಗಳು. ಬಿಟ್ಟಿ ಸಿಗುವ ವಸ್ತುವಾದ್ದರಿಂದ ನೀನು ಬೇಡ ಎನ್ನಲಾರೆ ಎಂಬ ಧೈರ್ಯದ ಮೇಲೆ ಧಾರಾಳವಾಗಿಯೇ ಕಳಿಸಿದ್ದೇನೆ.

ಫೋನು ಮಾಡದೆ ಕಾಗದ ಬರೆಯುತ್ತಿರುವುದಕ್ಕೆ ಕಾರಣ ನಿನಗೆ ಗೊತ್ತು. ಹೋದ ಸಲ ಫೋನಿನಲ್ಲಿ ನಾವಿಬ್ಬರೂ ಕೂಗಾಡಿದ್ದು ನಮ್ಮ ಅಂಗಡಿಯೆದುರಿನ ಔಷಧಿ ಅಂಗಡಿಯವನಿಗೆ ಕೇಳಿಸಿ, ಆತ ರಕ್ತದೊತ್ತಡ ಅಳೆಯುವ ಯಂತ್ರ ಹಿಡಿದುಕೊಂಡು ರಸ್ತೆ ದಾಟಿ ಬಂದ. ಕಾಗದದ ಮೇಲೆ ಎಷ್ಟು ಕೂಗಿದರೂ ಸದ್ದಾಗುವುದಿಲ್ಲ. ನಿನ್ನ ಭಾವ ಹೇಗೂ ವಾರಕ್ಕೆರಡು ಸಲ ಬಸ್ಸು ಓಡಿಸಿಕೊಂಡು ನಿಮ್ಮೂರಿಗೆ ಬರುತ್ತಾರೆ. ಅವರ ಜೇಬಿಗೆ ಇದನ್ನು ತುರುಕಿದರೆ ಅಂಚೆಯ ಖರ್ಚೂ ಇಲ್ಲ. ನೋಡಿದೆಯಾ, ನಿನ್ನ ರೋಗ ನನಗೂ ಅಂಟಿತು.

ಈಗ ಮೊನ್ನೆಯ ವಿಷಯಕ್ಕೆ ಬರುತ್ತೇನೆ. ವರ್ಷಗಳ ಮೇಲೆ ತಮ್ಮನ ಮನೆಗೆ ಬಂದೆ. ಬಾಗಿಲು ತೆಗೆದ ನಿನ್ನ ಮಗಳು "ಬನ್ನಿ ಅತ್ತೆ" ಎನ್ನುವ ಮೊದಲೇ "ಚಪ್ಪಲಿ ಎಡಗಡೆ ಬಿಡಿ, ಬಲಗಡೆ ಬ್ಯಾಂಕಿಂದು" ಎಂದಳು. ನೋಡಿದರೆ ಹಾಲಿನ ನಟ್ಟನಡುವೆ ಸೀಮೆಸುಣ್ಣದ ಗೆರೆ! ಕಬಡ್ಡಿ ಆಡುತ್ತೀರೇನೋ ಎಂದುಕೊಂಡೆ.

"ಸಾಲ ತೀರಿದಷ್ಟು ಮನೆ ನಮ್ದು ಅತ್ತೆ. ಅಡುಗೆಮನೆ, ಬಚ್ಚಲು, ಹಾಲಲ್ಲಿ ಇಲ್ಲೀವರೆಗೆ. ಆ ಕಡೆ ಕಿಟಕಿ, ಮಲಗೋ ಕೋಣೆ ಎಲ್ಲಾ ಇನ್ನೂ ಬ್ಯಾಂಕಿಂದೇ."

"ಹಾಗಾದ್ರೆ ರಾತ್ರಿ ನೀವೆಲ್ಲಾ ಮಲಗೋದೆಲ್ಲಿ?"

"ಬ್ಯಾಂಕಲ್ಲಿ."

ಮೂರು ಮಹಡಿ ಹತ್ತಿ ಮಂಡಿ ಸತ್ತು ಹೋಗಿತ್ತು. ಕಿಟಕಿಯ ಬಳಿ ಇದ್ದ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕುಸಿದೆ. ಅವಳು ಓಡಿ ಬಂದು, "ಅತ್ತೆ, ಬ್ಯಾಂಕಿನ ಕಡೆ ಕೂರಬೇಡಿ, ಬಡ್ಡಿ ಹಾಕ್ತಾರೆ" ಎಂದು ಕುರ್ಚಿ ಸಮೇತ ನನ್ನನ್ನು ಈಚೆಗೆ ಎಳೆದಳು. ಎಂಥ ಮಗಳನ್ನು ಬೆಳೆಸಿದ್ದೀಯೋ! ಆಮೇಲೆ ಬಂದ ಚಹಾ. ಆ ಪುಡಿಗೆ ಅದು ಎಷ್ಟನೆಯ ಜನ್ಮ ಎಂದು ಕೇಳಲಿಲ್ಲ. ಪಾತ್ರೆಯೊಳಗೆ ಮೋಕ್ಷಕ್ಕೆ ಕಾದಿತ್ತು, ಪಾಪ. ನಾನು ಬಚ್ಚಲಿಗೆ ಹೋದರೆ ಹಾಲಿನ ದೀಪ ಆರುತ್ತದೆ, ಹಾಲಿಗೆ ಬಂದರೆ ಅಡುಗೆಮನೆಯದು ಆರುತ್ತದೆ. ನಿನ್ನ ಅಂಗಿಯ ಕಾಲರು ಸವೆದದ್ದಕ್ಕೆ ತಿರುವಿ ಹೊಲಿದಿದ್ದು ನನಗೆ ಕಾಣಲಿಲ್ಲ ಎಂದುಕೊಂಡೆಯಾ? ಅದನ್ನು ಹೊಲಿದ ಆ ಪಾಪದ ಹುಡುಗಿ ಯಾವ ಜನ್ಮದಲ್ಲಿ ಏನು ಮಾಡಿದ್ದಳೋ, ನಿನ್ನ ಕೈಗೆ ಸಿಕ್ಕಳು.

ಊರಿಗೆಲ್ಲ ಪೀಠೋಪಕರಣ ಮಾರುವವಳ ತಮ್ಮನ ಮನೆಯಲ್ಲಿ ಇರುವುದು ಮೂರು ಪ್ಲಾಸ್ಟಿಕ್ ಕುರ್ಚಿ! ನಾಚಿಕೆಗೆ ನಾನು ವಾಪಸು ಬರುವ ದಾರಿಯುದ್ದಕ್ಕೂ ಬಸ್ಸಿನ ಕಿಟಕಿಯಿಂದ ಹೊರಗೇ ನೋಡಿದೆ. ಬುಧವಾರ ವ್ಯಾನಿನಲ್ಲಿ ಮೂವರು ಕೂರುವ ಸೋಫಾ ಬರುತ್ತದೆ, ಕಡುಗೆಂಪು ಬಣ್ಣ, ಅಂಗಡಿಯಲ್ಲೇ ಒಳ್ಳೆಯದು. ದುಡ್ಡಿನ ಮಾತೆತ್ತಿದರೆ ಜಾಗ್ರತೆ. ವಾಪಸು ಕಳಿಸಿದರೆ ನಿನಗೆ ಅಕ್ಕ ಇಲ್ಲ.

ಇಂತಿ,
ನಿನ್ನ ಅಕ್ಕ (ಸದ್ಯಕ್ಕೆ)


ಜನವರಿ 29

ಕಂತಿನ ಮಹಾರಾಣಿಯವರಾದ ಅಕ್ಕನ ಪಾದಗಳಿಗೆ,

ತಮ್ಮನ ನಮಸ್ಕಾರ. ಸೋಫಾ ಬಂತು. ಮೊದಲ ಮಹಡಿ ಗೆದ್ದಿತು. ಎರಡನೆಯ ಮಹಡಿಯ ತಿರುವಿನಲ್ಲಿ ಸಿಕ್ಕಿಕೊಂಡಿತು. ಹೊತ್ತು ತಂದವರು ಅದನ್ನು ಒಮ್ಮೆ ನಿಲ್ಲಿಸಿದರು, ಒಮ್ಮೆ ಮಲಗಿಸಿದರು, ಒಮ್ಮೆ ತಲೆಕೆಳಗು ಮಾಡಿದರು. ಕೊನೆಗೆ "ಸಾರ್, ಮನೆ ಒಡೀಬೇಕು ಇಲ್ಲಾ ಸೋಫಾ ಒಡೀಬೇಕು" ಎಂದು ತೀರ್ಪು ಕೊಟ್ಟು ಇಳಿದು ಹೋದರು. ಮನೆಯಲ್ಲಿ ಅರ್ಧ ಬ್ಯಾಂಕಿನದಾದ್ದರಿಂದ ಒಡೆಯುವ ಅಧಿಕಾರ ನನಗಿರಲಿಲ್ಲ.

ಹೀಗೆ ನಿನ್ನ ಸೋಫಾ ಕೆಲವು ದಿನ ಮೆಟ್ಟಿಲ ತಿರುವಿನಲ್ಲಿ ಸಾರ್ವಜನಿಕ ಸೇವೆಗೆ ನಿಂತಿತು. ತರಕಾರಿ ಚೀಲ ಹೊತ್ತವರು ಕೂತು ಉಸಿರು ಬಿಟ್ಟರು. ಮಾತು ಬಿಟ್ಟಿದ್ದ ಎರಡು ಮನೆಯ ಹೆಂಗಸರು ಜಾಗ ಸಾಲದೆ ಒತ್ತಿ ಕೂತು ಮಾತಾಡಿಕೊಂಡರು. ಎರಡನೆಯ ಮಹಡಿಯ ನಿವೃತ್ತ ಟಿಕೆಟ್ ಕಲೆಕ್ಟರು ಮಾತ್ರ ಕೂತವರನ್ನೆಲ್ಲ "ಎಲ್ಲಿ ಇಳೀಬೇಕು?" ಎಂದು ವಿಚಾರಿಸುತ್ತಿದ್ದರು. ಅವರ ಬಾಗಿಲು ತಿರುವಿಗೆ ನೇರ ಎದುರು. ಸೋಫಾವನ್ನು ಬೆರಳಲ್ಲಿ ತಳ್ಳಿದರೆ ತಾನೇ ಒಳಗೆ ಹೋಗುವಂತಿತ್ತು. ಅವರು ತಳ್ಳಿದರು. ದುಡ್ಡು ಕೊಟ್ಟರು. ಅದನ್ನು ನಾನು ಮರುದಿನವೇ ಸಾಲದ ಅಸಲಿಗೆ ಕಟ್ಟಿದೆ.

ಕಿರುಚಬೇಡ, ಔಷಧಿಯವನು ಬರುತ್ತಾನೆ. ನೀನು ಹೇಳಿದ್ದು ವಾಪಸು ಕಳಿಸಬೇಡ ಅಂತ, ಕಳಿಸಿಲ್ಲ. ನಿನ್ನ ದಯೆಯಿಂದ ಗೆರೆ ಸರಿದು ಕಿಟಕಿ ನಮ್ಮದಾಗಿದೆ. ಮೊನ್ನೆ ಮೂವರೂ ಅಲ್ಲಿ ನಿಂತು ಸ್ವಂತ ಗಾಳಿ ಕುಡಿದೆವು. ಸೋಫಾದ ಮೇಲೆ ಕೂತಿದ್ದರೆ ಇಷ್ಟು ಸುಖ ಸಿಗುತ್ತಿರಲಿಲ್ಲ.

ಇನ್ನು ನನ್ನ ಜುಗ್ಗತನದ ಬಗ್ಗೆ. ಇಪ್ಪತ್ತೈದು ವರ್ಷದಿಂದ ನಾನು ಮಾಡುತ್ತಿರುವುದು ಹಲ್ಲಿನ ಸೆಟ್ಟು. ದಂತವೈದ್ಯರು ಅಳತೆ ಕಳಿಸುತ್ತಾರೆ, ನಾನು ಅವರ ಕ್ಲಿನಿಕ್ಕಿನ ಹಿತ್ತಲ ಕೋಣೆಯಲ್ಲಿ ಮೇಣ ಕರಗಿಸಿ, ಅಚ್ಚು ಹೊಯ್ದು, ಗುಲಾಬಿ ವಸಡಿಗೆ ಬಿಳಿ ಹಲ್ಲು ಜೋಡಿಸಿ, ಉಜ್ಜಿ ಹೊಳಪು ಕೊಡುತ್ತೇನೆ. ಆ ಹಲ್ಲು ಹಾಕಿಕೊಳ್ಳುವವರೆಲ್ಲ ಜೀವನಪೂರ್ತಿ ದುಡಿದು, ಆಮೇಲೆ ತಿನ್ನೋಣ, ಆಮೇಲೆ ತಿರುಗೋಣ ಎಂದು ಇಟ್ಟುಕೊಂಡವರು. ಹೋದ ತಿಂಗಳು ಒಬ್ಬ ಕಾರ್ಖಾನೆ ಮಾಲೀಕ ಹೊಸ ಹಲ್ಲು ಹಾಕಿಕೊಂಡು ಕನ್ನಡಿ ನೋಡಿ, "ಚೆನ್ನಾಗಿದೆ ಡಾಕ್ಟ್ರೇ, ಏನು ತಿನ್ನಬೇಕೂಂತಿದ್ದೆ ಅನ್ನೋದೇ ಮರ್ತುಹೋಯ್ತು" ಎಂದನಂತೆ. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಎನ್ನುತ್ತಾರಲ್ಲ, ಆ ಗಾದೆಯ ಉತ್ತರಾರ್ಧವೇ ನನ್ನ ಕಸುಬು. ನನಗೆ ನನ್ನ ಕಡಲೆ ನನ್ನ ಹಲ್ಲಿನಲ್ಲೇ ಬೇಕು.

ಆಗಸ್ಟಿನಲ್ಲಿ ಸಾಲ ಮುಗಿಯುತ್ತದೆ. ಅದೇ ದಿನ ಕೆಲಸ ಬಿಡುತ್ತೇನೆ. ನಲವತ್ತಾರಕ್ಕೇ ನಿವೃತ್ತಿಯೇ, ಆಮೇಲೆ ಏನು ಮಾಡುತ್ತೀಯ ಎಂದು ಎಲ್ಲರೂ ಕೇಳುತ್ತಾರೆ. ಇಷ್ಟು ವರ್ಷ ಹಿತ್ತಲ ಕೋಣೆಯಲ್ಲಿ ಏನು ಮಾಡುತ್ತಿದ್ದೀಯ ಎಂದು ಒಬ್ಬರೂ ಕೇಳಿರಲಿಲ್ಲ.

ನಿನ್ನ ವಿಧೇಯ ತಮ್ಮ,
ಕಿಟಕಿಯ ಯಜಮಾನ

ತಾ.ಕ.: ಚಹಾಪುಡಿಗೆ ಅದು ಎರಡನೆಯ ಜನ್ಮ. ಅತಿಥಿ ಎಂದು ಮೂರನೆಯದನ್ನು ತಡೆದೆವು.


ಮಾರ್ಚ್ 16

ಕಿಟಕಿಯ ಯಜಮಾನನಿಗೆ,

ಬರೆಯಬಾರದೆಂದಿದ್ದೆ. ಸಿಟ್ಟು ಕಾಗದದಲ್ಲಿ ಹಿಡಿಸುವಷ್ಟಕ್ಕೆ ಇಳಿಯಲು ಇಷ್ಟು ದಿನ ಬೇಕಾಯಿತು. ಅಕ್ಕ ಕೊಟ್ಟ ಸೋಫಾ ಮಾರಿ ಗಾಳಿ ಕುಡಿದೆಯಂತೆ! ಕುಡಿ ಮಹಾರಾಯ, ಹೊಟ್ಟೆ ತುಂಬಾ ಕುಡಿ.

ನೀನು ಕಂತಿನ ಮಹಾರಾಣಿ ಎಂದು ಅಣಕಿಸಿದೆಯಲ್ಲ, ಕೇಳು. ಕಂತು ಇಲ್ಲದಿದ್ದರೆ ಈ ಊರಿನ ಅರ್ಧ ಜನ ನೆಲದ ಮೇಲೆ ಮಲಗುತ್ತಿದ್ದರು. ಮದುವೆಯಾಗಿ ವಾರವಾಗಿರುತ್ತದೆ, ಕೈಯಲ್ಲಿ ಕಾಸಿರುವುದಿಲ್ಲ, ನನ್ನ ಅಂಗಡಿಗೆ ಬಂದು ಮಂಚ ಮುಟ್ಟಿ ಮುಟ್ಟಿ ನೋಡುತ್ತಾರೆ. "ತಗೊಂಡ್ಹೋಗಿ, ತಿಂಗ್ಳು ತಿಂಗ್ಳು ಕೊಡಿ" ಎಂದಾಗ ಆ ಹುಡುಗಿಯ ಮುಖ ನೋಡಬೇಕು ನೀನು. ಮುಂದೆ ಎಂದೋ ಬರುವ ಸುಖಕ್ಕೆ ಇವತ್ತು ನೆಲದ ಮೇಲೆ ಮಲಗು ಎಂದು ಹೇಳುವುದು ನಿನಗೆ ಸರಿ, ನನಗಲ್ಲ.

ಈಗ ನಿಜವಾದ ವಿಷಯ. ಬಸ್ ನಿಲ್ದಾಣದ ಪಕ್ಕದಲ್ಲಿ ಒಂದು ಮಳಿಗೆ ಖಾಲಿಯಾಗುತ್ತಿದೆ. ಎರಡನೆಯ ಅಂಗಡಿ ಹಾಕುತ್ತೇನೆ. ಸಾಲ ಕೊಡಲು ಬ್ಯಾಂಕಿನವನು ತಯಾರಿದ್ದಾನೆ, ಆದರೆ ಯಾರದಾದರೂ ಆಸ್ತಿಯ ಜಾಮೀನು ಬೇಕಂತೆ. ನಾವಿರುವುದು ಬಾಡಿಗೆ ಮನೆ. ನಿನ್ನ ಭಾವ ಓಡಿಸುವ ಬಸ್ಸು ಕಂಪನಿಯದು. ನಿನ್ನ ಮನೆಪತ್ರ ಆಗಸ್ಟಿನಲ್ಲಿ ಬಿಡುಗಡೆಯಾಗುತ್ತದೆಯಲ್ಲ. ಪೆಟ್ಟಿಗೆಯಲ್ಲಿ ಮಲಗಿ ಅದಕ್ಕಾದರೂ ಏನು ಕೆಲಸ? ಅದೂ ನಲವತ್ತಾರಕ್ಕೆ ನಿವೃತ್ತಿ ಆಗಬೇಕೇ? ಐದು ವರ್ಷ ನನ್ನ ಬ್ಯಾಂಕಿನಲ್ಲಿರಲಿ. ಒಂದು ಸಹಿ, ಅಷ್ಟೇ.

ನಾನೇನೂ ನೆನಪಿಸುತ್ತಿಲ್ಲ. ನಿನ್ನ ಓದು ನಿಲ್ಲಬಾರದೆಂದು ನಾನು ಓದು ಬಿಟ್ಟು ಇದೇ ಥರದ ಅಂಗಡಿಯಲ್ಲಿ ಕುರ್ಚಿ ಒರೆಸುವ ಕೆಲಸಕ್ಕೆ ಸೇರಿದ್ದನ್ನು ನೆನಪಿಸುತ್ತಿಲ್ಲ. ನಿನಗೆ ಜ್ವರ ಬಂದಾಗ ಮಾರಿದ ನನ್ನ ಬಳೆಯನ್ನೂ ನೆನಪಿಸುತ್ತಿಲ್ಲ. ಇವನ್ನೆಲ್ಲ ನೆನಪಿಸುವ ಸಣ್ಣ ಬುದ್ಧಿ ನನಗಿಲ್ಲ ಎಂಬುದನ್ನು ಮಾತ್ರ ನೆನಪಿಡು.

ಇಂತಿ,
ಅಕ್ಕ


ಏಪ್ರಿಲ್ 8

ಅಕ್ಕನಿಗೆ ನಮಸ್ಕಾರ.

ಈ ಕಾಗದವನ್ನು ತಮಾಷೆಯಾಗಿ ಬರೆಯಲು ಎರಡು ಸಲ ನೋಡಿದೆ. ಮೊದಲನೆಯದರಲ್ಲಿ ಸಹಿ ಹಾಕಲು ಪೆನ್ನಿನ ಶಾಯಿ ಉಳಿಸುತ್ತಿದ್ದೇನೆ ಎಂದು ಬರೆದಿದ್ದೆ. ಹರಿದು ಹಾಕಿದೆ. ನಿನಗೆ ತಮಾಷೆಯ ಹಿಂದೆ ಬಚ್ಚಿಟ್ಟುಕೊಂಡು ಉತ್ತರ ಕೊಡಬಾರದು.

ಇಲ್ಲ ಅಕ್ಕ. ಕೊಡುವುದಿಲ್ಲ.

ನೀನು ನೆನಪಿಸದೆ ಬಿಟ್ಟದ್ದೆಲ್ಲ ನನಗೆ ನೆನಪಿದೆ. ಬಳೆ ಎರಡಿತ್ತು, ಒಂದಲ್ಲ. ನೀನು ಕೇಳಿದರೆ ನನ್ನ ಕಿಡ್ನಿ ಕೊಡುತ್ತೇನೆ. ಅದಕ್ಕೆ ಸಹಿ ಬೇಕಾದರೆ ಅದನ್ನೂ ಹಾಕುತ್ತೇನೆ. ಮನೆ ಕೊಡುವುದಿಲ್ಲ.

ಅಪ್ಪನ ಗೆಳೆಯನೂ ಕೇಳಿದ್ದು "ಒಂದು ಸಹಿ, ಅಷ್ಟೇ" ಎಂದೇ. ಅಪ್ಪನೂ ಒಳ್ಳೆಯವನು, ಗೆಳೆಯನೂ ಒಳ್ಳೆಯವನು. ಅವನ ವ್ಯಾಪಾರ ಮುಳುಗಿತು, ಅಷ್ಟೇ. ಆ ದಿನ ನಮ್ಮ ಸಾಮಾನನ್ನೆಲ್ಲ ತಂದು ಬೀದಿಯಲ್ಲಿಟ್ಟರಲ್ಲ, ನಿನಗೆ ಹದಿನೈದು, ನನಗೆ ಒಂಬತ್ತು. ನೀನು ಬೀದಿಯ ಮಧ್ಯೆಯೇ ಮಂಚಕ್ಕೆ ಹಾಸಿಗೆ ಹಾಸಿ, ದಿಂಬಿಗೆ ಒರಗಿಸಿ ನನ್ನನ್ನು ಕೂರಿಸಿ, ಕೈಗೆ ಪುಸ್ತಕ ಕೊಟ್ಟೆ. "ಯಾರಾದ್ರೂ ಕೇಳಿದ್ರೆ ಮನೆಗೆ ಸುಣ್ಣ ಹೊಡೀತಿದ್ದಾರೆ ಅನ್ನು, ಜೋರಾಗಿ ಓದು" ಎಂದೆ. ನಾನು ಕೇಳಿದವರಿಗೂ ಕೇಳದವರಿಗೂ ಹೇಳಿದೆ. ಸಂಜೆಯವರೆಗೆ ಓದಿದೆ. ಸುಣ್ಣದವರು ಬರಲಿಲ್ಲ.

ನೀನು ಅಂದಿನಿಂದ ಬೀದಿಯಲ್ಲಿ ಕೂತವರಿಗೆಲ್ಲ ಮಂಚ ಮಾಡಿಸಿಕೊಡುತ್ತಿದ್ದೀಯ. ನನಗೆ ಬೇಕಾದದ್ದು ಮಂಚವಲ್ಲ, ಅದರ ಸುತ್ತ ನಾಲ್ಕು ಗೋಡೆ. ಅದಕ್ಕಾಗಿ ತಿರುವಿದ ಕಾಲರು ಹಾಕಿಕೊಂಡಿದ್ದೇನೆ, ತೊಳೆದ ಚಹಾಪುಡಿ ಕುಡಿದಿದ್ದೇನೆ, ಹಬ್ಬ ಹುಣ್ಣಿಮೆ ನೋಡದೆ ಹೆಚ್ಚಿನ ಪಾಳಿ ಮಾಡಿದ್ದೇನೆ. ಈಗ ಆ ಗೋಡೆಯನ್ನು ನೀನೇ ಕೇಳಿದರೂ ಇಲ್ಲ.

ಬೈಯಬೇಕೆನಿಸಿದರೆ ಫೋನನ್ನೇ ಮಾಡು. ನಾನು ಈ ಕಡೆಯಿಂದ ಕೂಗುವುದಿಲ್ಲ.

ತಮ್ಮ


ಸೆಪ್ಟೆಂಬರ್ 5

ಅತ್ತಿಗೆಯವರಿಗೆ ನಮಸ್ಕಾರಗಳು.

ನಿಮ್ಮ ತಮ್ಮನ ಹೆಂಡತಿ ಬರೆಯುತ್ತಿರುವುದು. ನಿಮ್ಮ ಭಾಷೆಯಲ್ಲಿ "ಆ ಪಾಪದ ಹುಡುಗಿ".

ಏಪ್ರಿಲಿನಿಂದ ನಿಮ್ಮ ಕಾಗದವಿಲ್ಲ, ಫೋನೂ ಇಲ್ಲ. ನಿಮ್ಮ ಯಜಮಾನರು, ನನ್ನ ಪಾಲಿನ ಅಣ್ಣ, ಬಸ್ಸು ನಿಲ್ಲಿಸಿ ಮನೆಗೆ ಬರುತ್ತಾರೆ, ಚಹಾ ಕುಡಿಯುತ್ತಾರೆ. ಇವರು ಏನನ್ನೂ ಕೇಳುವುದಿಲ್ಲ, ಅಣ್ಣನ ಜೇಬನ್ನೇ ನೋಡುತ್ತಾರೆ. ಅಣ್ಣ ಪಾಪ, ತಾವೇ ಜೇಬು ತಟ್ಟಿ ತೋರಿಸಿ, "ಇಲ್ಲಪ್ಪ, ಬೀಡಿ ಬಿಟ್ರೆ ಏನಿಲ್ಲ" ಎನ್ನುತ್ತಾರೆ. ಅಷ್ಟರಲ್ಲಿ ಬಸ್ಸಿನ ಪ್ರಯಾಣಿಕರು ಕೆಳಗೆ ಹಾರನ್ನು ಹೊಡೆಯುತ್ತಾರೆ, ಅಣ್ಣ ಇಳಿದು ಓಡುತ್ತಾರೆ.

ನಿಮ್ಮದೊಂದು ತಪ್ಪು ತಿಳಿವಳಿಕೆಯನ್ನು ತಿದ್ದಬೇಕು. ಜುಗ್ಗ ನಿಮ್ಮ ತಮ್ಮನಲ್ಲ, ನಾನು. ಗೆರೆ ಎಳೆದದ್ದು ನಾನು. ಚಹಾಪುಡಿ ಒಣಗಿಸುವುದು ನಾನು. ಸೋಫಾಕ್ಕೆ ಟಿಕೆಟ್ ಕಲೆಕ್ಟರ ಹತ್ತಿರ ಚೌಕಾಸಿ ಮಾಡಿದ್ದೂ ನಾನೇ. ಇವರನ್ನು ಬಿಟ್ಟಿದ್ದರೆ ಪುಕ್ಕಟೆ ಕೊಟ್ಟು ಮೇಲೆ ಥ್ಯಾಂಕ್ಸ್ ಹೇಳಿ ಬರುತ್ತಿದ್ದರು. ನಾನು ಸಮವಸ್ತ್ರ ಹೊಲಿಯುವವಳು ಅತ್ತಿಗೆ. ಬಟ್ಟೆಯ ತುಂಡು ನೋಡಿದರೆ ಅದರಲ್ಲಿ ಇನ್ನೂ ಏನೇನು ಉಳಿದಿದೆ ಎಂದೇ ಕಾಣುತ್ತದೆ. ಇದರಲ್ಲಿ ನನಗೆ ದುಃಖವಿಲ್ಲ, ಸೊಕ್ಕಿದೆ. ದಯವಿಟ್ಟು ನನ್ನ ಮೇಲೆ ಕನಿಕರ ಖರ್ಚು ಮಾಡಬೇಡಿ, ಉಳಿಸಿ.

ಸಾಲ ಮುಗಿಯಿತು. ಮನೆಪತ್ರ ಕೈಗಿಡುತ್ತಾ ಬ್ಯಾಂಕಿನವರು, "ನಿಮ್ಮಂಥ ಒಳ್ಳೇ ಗ್ರಾಹಕರಿಗೆ ಕಾರಿನ ಸಾಲ ರೆಡಿ ಇದೆ ಸಾರ್" ಎಂದರು. ಇವರು, "ಕಾರು ಯಾಕೆ ಸಾರ್, ಇನ್ಮೇಲೆ ನಾನು ಎಲ್ಲಿಗೂ ಹೊತ್ತಿಗೆ ಸರಿಯಾಗಿ ಹೋಗ್ಬೇಕಾಗಿಲ್ಲ" ಎಂದರು. ಅಲ್ಲಿಂದ ನೇರ ದಂತವೈದ್ಯರ ಬಳಿ. ಅವರು ಗಾಬರಿಯಾಗಿ, "ಹೀಗೆ ಬಿಟ್ಟುಹೋದ್ರೆ ಜನಕ್ಕೆ ಹಲ್ಲು ಯಾರಯ್ಯಾ ಮಾಡ್ತಾರೆ?" ಎಂದರಂತೆ. "ದೇವರು ಎರಡು ಸಲ ಕೊಡ್ತಾನೆ ಸಾರ್. ಮೂರನೇ ಸಲದ್ದು ನೀವು ನೋಡ್ಕೊಳ್ಳಿ" ಎಂದು ಮೇಣದ ಚಾಕು ಒರೆಸಿಟ್ಟು ಬಂದರು. ಮಗಳು ಒದ್ದೆ ಬಟ್ಟೆ ಹಿಡಿದು ಗೆರೆ ಒರೆಸಿದಳು. ಆ ರಾತ್ರಿ ಮೂವರೂ ಮಲಗುವ ಕೋಣೆ ಬಿಟ್ಟು, ಗೆರೆಯಿದ್ದ ಜಾಗದ ಮೇಲೆ ಅಡ್ಡಡ್ಡ ಮಲಗಿದೆವು.

ಮರುದಿನ ಬೆಳಿಗ್ಗೆ ಇವರು ಎಂದಿನಂತೆ ಎದ್ದು, ಸ್ನಾನ ಮಾಡಿ, ಬುತ್ತಿ ಡಬ್ಬಿ ಕೈಲಿ ಹಿಡಿದು ಬಾಗಿಲ ಬಳಿ ನಿಂತರು. "ಎಲ್ಲಿಗೆ?" ಎಂದೆ. "ಅದೇ ಯೋಚಿಸ್ತಿದ್ದೀನಿ" ಎಂದರು. ಈಗ ಒಂದು ಜಾಗ ಕಂಡುಕೊಂಡಿದ್ದಾರೆ. ಅಣ್ಣನ ಬಸ್ಸು ಬರುವ ದಿನ ನಿಲ್ದಾಣಕ್ಕೇ ಹೋಗಿ ನಿಲ್ಲುತ್ತಾರೆ.

ಮನೆ ಕೊಡಲಿಲ್ಲವೆಂದು ಸಿಟ್ಟಿದ್ದರೆ ಆ ಸಿಟ್ಟನ್ನು ನನಗೆ ಬರೆಯಿರಿ. ಇವರು ತಡೆದುಕೊಳ್ಳುವುದಿಲ್ಲ, ನಾನು ತಡೆದುಕೊಳ್ಳುತ್ತೇನೆ.

ನಮಸ್ಕಾರಗಳೊಂದಿಗೆ,
ನಿಮ್ಮ ತಮ್ಮನ ಮನೆಯ ಜುಗ್ಗಿ


ಅಕ್ಟೋಬರ್ 19

ತಂಗೀ,

ನಿನ್ನ ಕಾಗದ ಓದಿ ಮೊದಲು ನಗು ಬಂತು, ಆಮೇಲೆ ಹೆದರಿಕೆ ಬಂತು. ಇಷ್ಟು ವರ್ಷ ಬೇರೆಯವರನ್ನು ಬೈದುಬಿಟ್ಟೆನಲ್ಲ! ಆ ಬೈಗುಳವನ್ನೆಲ್ಲ ನಿನ್ನ ಖಾತೆಗೆ ವರ್ಗಾಯಿಸಿಕೋ.

ಸಿಟ್ಟಿತ್ತು, ಇದೆ. ಅವನ "ಇಲ್ಲ" ಓದಿದ ದಿನ ಅಂಗಡಿಯಲ್ಲಿ ಒಬ್ಬ ಗಿರಾಕಿಯ ಕೈಯಿಂದ ಸ್ಟೂಲು ಕಿತ್ತುಕೊಂಡು ಇದು ಮಾರಾಟಕ್ಕಿಲ್ಲ ಎಂದೆ. ಆದರೆ ನಾನು ಬರೆಯದೆ ಕೂತದ್ದು ಆ ಸಿಟ್ಟಿಗಲ್ಲ. ಅವನು ಸುಣ್ಣದ ಮಾತು ಎತ್ತಿದನಲ್ಲ, ಅದಕ್ಕೆ. ಅವನು ಅದನ್ನು ನಂಬಿದ್ದಾನೆ, ಆ ದಿನ ಏನಾಯಿತೆಂದು ಅವನಿಗೆ ಸರಿಯಾಗಿ ಗೊತ್ತಿಲ್ಲ ಎಂದೇ ಇಷ್ಟು ವರ್ಷ ಅಂದುಕೊಂಡಿದ್ದೆ. ನಾನು ಬದುಕಿನಲ್ಲಿ ಮಾಡಿದ ಒಂದೇ ಒಂದು ಜಾಣ ಕೆಲಸ ಅದು ಎಂದು ಹೆಮ್ಮೆ ಪಡುತ್ತಿದ್ದೆ. ಅದೂ ಹೋಯಿತು. ಅದಕ್ಕೆ ಏನು ಉತ್ತರ ಬರೆಯಲಿ?

ಮಳಿಗೆ ಬೇರೆಯವರ ಪಾಲಾಯಿತು. ಔಷಧಿಯವನು ಜಾಮೀನು ಕೊಡುತ್ತೇನೆ ಎಂದಿದ್ದ. ಅವನ ಹೆಂಡತಿ ರಸ್ತೆ ದಾಟಿ ಬಂದು, "ಅಮ್ಮಾ, ಇವರು ಕೊಡೋದು ಬರೀ ಮಾತ್ರೆ" ಎಂದು ಹೇಳಿ ಹೋದಳು. ನಿನ್ನ ಕುಲದವಳೇ ಇರಬೇಕು.

ಇನ್ನೊಂದು. ಇದನ್ನು ಅವನಿಗೆ ಹೇಳಬೇಡ. ಮಂಡಿ ಪೂರ್ತಿ ಹೋಗಿದೆ, ಎರಡೂ. ನವೆಂಬರ್ ಮೊದಲ ವಾರ ಆಪರೇಷನ್. ತಿಂಗಳಿಗೂ ಹೆಚ್ಚು ಓಡಾಡುವಂತಿಲ್ಲವಂತೆ. ಅಂಗಡಿಯಲ್ಲಿ ಇದ್ದ ಒಬ್ಬ ಸೇಲ್ಸ್‌ಮನ್ ಆ ಹೊಸ ಮಳಿಗೆಯವನ ಬಳಿ ಹೋಗಿ ಸೇರಿಕೊಂಡ. ನಿನ್ನ ಅಣ್ಣ ರಜೆ ಹಾಕುತ್ತೇನೆ ಎನ್ನುತ್ತಾರೆ, ಹಾಕಿದರೆ ಸಂಬಳ ಕಡಿತ. ಅಂಗಡಿ ಬಾಗಿಲು ಹಾಕುತ್ತೇನೆ. ಇಷ್ಟು ವರ್ಷದಲ್ಲಿ ಮೊದಲ ಸಲ. ಮುಚ್ಚಿದರೆ ಮುಚ್ಚಿತು, ಯಾರನ್ನೂ ಕೇಳುವುದಿಲ್ಲ. ಒಂದು ಸಲ ಕೇಳಿ ಆಯಿತು.

ಅವನಿಗೆ ಹೇಳಬೇಡ ಎಂದಿದ್ದು ನೆನಪಿರಲಿ.

ಅಕ್ಕ


ನವೆಂಬರ್ 14

ಆಸ್ಪತ್ರೆಯಲ್ಲಿ ವಿರಾಜಮಾನಳಾದ ಅಕ್ಕನಿಗೆ,

ಹೇಳಬೇಡ ಎಂದದ್ದನ್ನು ನಿನ್ನ ತಂಗಿ ಹೇಳಲಿಲ್ಲ. ಕಾಗದವನ್ನು ನನ್ನ ತಟ್ಟೆಯ ಕೆಳಗಿಟ್ಟಳು.

ನೀನು ಆಪರೇಷನ್ನಿಗೆ ಹೋಗುವ ಮುನ್ನ ಬೀಗದ ಕೈ ನನ್ನತ್ತ ಎಸೆದು ಗೋಡೆಗೆ ತಿರುಗಿ ಮಲಗಿದೆಯಲ್ಲ, ಅದನ್ನೇ ನೇಮಕಾತಿ ಆದೇಶ ಎಂದು ಭಾವಿಸಿ ಅಂಗಡಿ ತೆರೆದಿದ್ದೇನೆ. ನಿನ್ನ ವಾರ್ಡಿನ ದೊಡ್ಡ ನರ್ಸು ಫೋನು ನಿಷೇಧಿಸಿದ್ದಾರೆ; ನಮ್ಮ ಕಂಠದ ಕೀರ್ತಿ ಅಲ್ಲಿಗೂ ಮುಟ್ಟಿರಬೇಕು. ಆದ್ದರಿಂದ ವ್ಯಾಪಾರದ ವರದಿ ಭಾವನ ಜೇಬಿನ ಮೂಲಕ.

ಮೊದಲ ಗಿರಾಕಿ ಒಬ್ಬ ಗಂಡ, ಒಬ್ಬ ಹೆಂಡತಿ. ಎಂಟು ಕುರ್ಚಿಯ ಊಟದ ಮೇಜು ಬೇಕು, ಕಂತಿನ ಮೇಲೆ. "ಮನೇಲಿ ಎಷ್ಟು ಜನ?" ಎಂದೆ. "ನಾವಿಬ್ಬರೇ." "ಊಟ ಎಲ್ಲಿ ಮಾಡ್ತೀರಿ?" ಇಬ್ಬರೂ ಮುಖ ಮುಖ ನೋಡಿಕೊಂಡು, "ಟೀವಿ ಮುಂದೆ" ಎಂದರು. ಒಂದು ಮಡಚುವ ಮೇಜು, ಎರಡು ಕುರ್ಚಿ, ನಗದು. ಹೊರಡುವಾಗ ಆ ಗಂಡ ನನ್ನ ಕೈ ಹಿಡಿದುಕೊಂಡು ಕುಲುಕಿದ.

ಎರಡನೆಯದು, ಒಬ್ಬ ಅಜ್ಜಿ. ಆರಾಮ ಕುರ್ಚಿಯ ಕಾಲು ಮುರಿದಿದೆ, ಹೊಸದು ಬೇಕು. ಹಳೆಯದನ್ನು ತನ್ನಿ ನೋಡೋಣ ಎಂದೆ. ತಂದರು. ಒಳ್ಳೆಯ ಮರ ಅಕ್ಕ, ಕಾಲಿನ ಕೆಳಗೊಂದಿಷ್ಟು ಚೂರು ಹಾರಿತ್ತು, ಅಷ್ಟೇ. ನನಗೆ ಮರಗೆಲಸ ಬರುವುದಿಲ್ಲ. ಬರುವುದನ್ನು ಮಾಡಿದೆ. ಚೀಲದಲ್ಲಿ ಉಳಿದಿದ್ದ, ಸೆಟ್ಟಿಗೆ ವಸಡು ಮಾಡುವ ಪುಡಿ ಕಲಸಿ, ಅಚ್ಚು ಕಟ್ಟಿ, ಹೊಯ್ದು, ಗಟ್ಟಿಯಾದ ಮೇಲೆ ಉಜ್ಜಿದೆ. ಕಲ್ಲಿನ ಹಾಗೆ ನಿಂತಿದೆ. ಬಣ್ಣ ಮಾತ್ರ ಗುಲಾಬಿ. ಅಜ್ಜಿ ಕುರ್ಚಿಯ ಕಾಲನ್ನು ನೋಡಿದರು, ಬಾಯಿಯಿಂದ ತಮ್ಮ ಸೆಟ್ಟನ್ನು ತೆಗೆದು ಪಕ್ಕದಲ್ಲಿ ಹಿಡಿದು ನೋಡಿದರು, "ಅಯ್ಯೋ, ಒಂದೇ ಥಾನಿನ ಬಟ್ಟೆ!" ಎಂದರು. ಸೆಟ್ಟನ್ನು ತಿರುಗಿಸಿ ನೋಡಿದೆ. ನನ್ನದೇ ಕೆಲಸ. ಯಾವ ಬಾಯಿಗೆ ಹೋಗುತ್ತದೆ ಎಂದು ಗೊತ್ತಿಲ್ಲದೆ ಅಷ್ಟು ವರ್ಷ ಮಾಡಿದ್ದೆ. ಇಲ್ಲಿ ಅದು ನಗುತ್ತಾ ಕುರ್ಚಿಯ ಮೇಲೆ ಕೂತಿತ್ತು. ದುಡ್ಡು ಹೇಗೆ ಕೇಳಲಿ? ಕೇಳಲಿಲ್ಲ.

ಹೀಗೆ ವಾರದ ವ್ಯಾಪಾರ ಒಟ್ಟು ಎಷ್ಟೆಂದು ನೀನು ಕೇಳಬಾರದು, ನಾನು ಹೇಳಬಾರದು, ಹೊಲಿಗೆ ಬಿಚ್ಚುತ್ತದೆ.

ಅಂಗಡಿಯ ಪ್ರಭಾರಿ,
ತಮ್ಮ


ನವೆಂಬರ್ 17

ಕುಲಘಾತುಕಾ!

ಒಂಬತ್ತು ತಿಂಗಳ ಕಂತಿನ ಗಿರಾಕಿಯನ್ನು ಒಂದು ದಿನದಲ್ಲಿ ಮುಗಿಸಿ ಕಳಿಸಿದೆಯಲ್ಲೋ! ಕಂತಿನವರು ಪ್ರತಿ ತಿಂಗಳು ಅಂಗಡಿಗೆ ಬರುತ್ತಾರೆ, ಬಂದವರು ಮಗುವಿನ ತೊಟ್ಟಿಲು ನೋಡುತ್ತಾರೆ, ಬೀರು ನೋಡುತ್ತಾರೆ, ಮನೆಯ ಸುದ್ದಿ ಹೇಳುತ್ತಾರೆ. ಅದು ವ್ಯಾಪಾರ. ಈಗ ಅವರಿಬ್ಬರೂ ಟೀವಿ ಮುಂದೆ ಕೂತು ನಿನ್ನ ಬುದ್ಧಿವಾದ ಜಗಿಯುತ್ತಾ ಇರುತ್ತಾರೆ, ಈ ಕಡೆ ತಲೆ ಹಾಕುವುದಿಲ್ಲ.

ಗುಲಾಬಿ ಕಾಲಿನ ಕುರ್ಚಿ! ಇಷ್ಟು ವರ್ಷದ ನನ್ನ ಮರ್ಯಾದೆಗೆ ವಸಡು ಕಟ್ಟಿದೆಯಲ್ಲ! ಇದನ್ನು ಓದಿ ಎಷ್ಟು ಜೋರಾಗಿ ನಕ್ಕೆನೆಂದರೆ ದೊಡ್ಡ ನರ್ಸು ಕಾಗದವನ್ನೂ ನಿಷೇಧಿಸುತ್ತೇನೆ ಎಂದಿದ್ದಾಳೆ. ನಕ್ಕದ್ದು ಸಿಟ್ಟಿಗೆ. ತಪ್ಪು ತಿಳಿಯಬೇಡ.

ಬೀರುಗಳ ಮೇಲೆ ದಿನಾ ಒಣ ಬಟ್ಟೆ ಆಡಿಸು. ಒದ್ದೆಯದಲ್ಲ.

ಅಕ್ಕ


ಡಿಸೆಂಬರ್ 28

ತಮ್ಮನಿಗೆ ಆಶೀರ್ವಾದಗಳು.

ನೀನು ಊರಿಗೆ ಹೋದ ಮೇಲೆ ಅಂಗಡಿಗೆ ಬಂದೆ, ಕೋಲು ಹಿಡಿದು. ಒಂದು ತಿಂಗಳಲ್ಲಿ ನೀನು ಮಾರಿದ್ದನ್ನು ನಾನು ಒಂದು ವಾರದಲ್ಲಿ ಮಾರುತ್ತೇನೆ. ಇದನ್ನು ಮೊದಲು ದಾಖಲೆಗೆ ಹೇಳಿಬಿಡುತ್ತೇನೆ.

ಆದರೆ ಬಾಗಿಲು ತೆಗೆದ ಹೊತ್ತಿನಿಂದ ಜನ ಮುರಿದ ಸಾಮಾನು ಹೊತ್ತುಕೊಂಡು ಬರುತ್ತಿದ್ದಾರೆ. "ಹಲ್ಲಿನವರು ಇಲ್ವಾ?" ಎನ್ನುತ್ತಾರೆ. ನಾನು ಯಜಮಾನಿ ಎಂದರೆ, "ಇರ್ಲಿ ಅಮ್ಮ, ಅವರು ಬಂದಾಗ ಬರ್ತೀವಿ" ಎನ್ನುತ್ತಾರೆ! ಆ ಅಜ್ಜಿ ತನ್ನ ಓಣಿಗೆಲ್ಲ ಡಂಗುರ ಹೊಡೆದಿದ್ದಾಳೆ. ಗೋಡೌನಿನಲ್ಲಿ ಅವರು ಇಟ್ಟುಹೋದ, ಸೀಳು ಬಿಟ್ಟ ಸ್ಟೂಲುಗಳ ಗುಡ್ಡವೇ ಆಗಿದೆ.

ಆದ್ದರಿಂದ ಯೋಚಿಸಿ ಹೇಳುತ್ತಿದ್ದೇನೆ. ನೀನು ಬಾ. ಮ್ಯಾನೇಜರ್ ಅಂತ ಹಾಕಿಸುತ್ತೇನೆ. ತಿಂಗಳ ಸಂಬಳ, ಭಾನುವಾರ ರಜೆ, ಹಿಂದಿನ ಶೆಡ್ಡು ನಿನ್ನದೇ. ದಂತವೈದ್ಯ ಕೊಡುತ್ತಿದ್ದದ್ದಕ್ಕಿಂತ ಹೆಚ್ಚು ಕೊಡುತ್ತೇನೆ. ನಲವತ್ತಾರು ಒಂದು ವಯಸ್ಸೇನೋ, ಕೈಕಾಲು ಗಟ್ಟಿ ಇರುವಾಗ ಮನೆಯಲ್ಲಿ ಕೂರಲು? ಬೆಳಿಗ್ಗೆ ಒಂಬತ್ತಕ್ಕೆ ಬಾಗಿಲು ತೆಗೆಯುತ್ತೇವೆ, ನಿನಗೆ ಗೊತ್ತು.

ಮನೆಯ ವಿಷಯದ ಸಿಟ್ಟು ಹೋಗಿಲ್ಲ. ಹೋಗುವುದೂ ಇಲ್ಲ. ಅದು ನನ್ನದು, ಇಟ್ಟುಕೊಳ್ಳುತ್ತೇನೆ. ಮುಂದಿನ ವರ್ಷ ಎರಡನೆಯ ಅಂಗಡಿ ಹಾಕಿಯೇ ಹಾಕುತ್ತೇನೆ, ಯಾರ ಗೋಡೆಯೂ ಇಲ್ಲದೆ. ಮಂಡಿ ಹೊಸದು ಹಾಕಿಸಿಕೊಂಡಿರುವುದು ಕೂರುವುದಕ್ಕಲ್ಲ.

ಇಂತಿ,
ಅಕ್ಕ


ಜನವರಿ 3

ಅಕ್ಕನಿಗೆ ನಮಸ್ಕಾರ.

ಮ್ಯಾನೇಜರ್ ಕೆಲಸ ಬೇಡ. ಇದು ನಿನಗೆ ನಾನು ಹೇಳುತ್ತಿರುವ ಎರಡನೆಯ "ಇಲ್ಲ". ಮೊದಲನೆಯದಕ್ಕಿಂತ ಸುಲಭವಾಗಿ ಬಂತು. ಸಂಬಳ ಬೇಡ, ಭಾನುವಾರದ ರಜೆಯೂ ಬೇಡ. ನನಗೆ ಎಲ್ಲ ವಾರವೂ ರಜೆ. ಅದರಲ್ಲೊಂದನ್ನು ಕತ್ತರಿಸಿ ನನಗೇ ದಾನ ಕೊಡುತ್ತೀಯಲ್ಲ, ಎಂಥ ವ್ಯಾಪಾರಿ ನೀನು! ಒಂಬತ್ತು ಗಂಟೆ ಎನ್ನುವ ಹೊತ್ತು ಈಗ ನನ್ನ ಮನೆಯ ಮುಂದೆ ಹಾದುಹೋಗುತ್ತದೆ, ನಾನು ಕಿಟಕಿಯಿಂದ ಕೈ ಬೀಸುತ್ತೇನೆ. ಮತ್ತೆ ಒಳಗೆ ಕರೆಯುವುದಿಲ್ಲ. ನೀನು ಕರೆದರೂ ಇಲ್ಲ.

ಆ ಸ್ಟೂಲುಗಳನ್ನು ಮಾತ್ರ ಯಾರಿಗೂ ಮುಟ್ಟಲು ಬಿಡಬೇಡ. ಸೀಳಿಗೆ ಮೊಳೆ ಹೊಡೆದರೆ ಮರ ಸಾಯುತ್ತದೆ.

ನಾಳೆ ಬೆಳಿಗ್ಗೆ ಏಳುತ್ತೇನೆ. ಬರಬೇಕೆನಿಸಿದರೆ ಬರುತ್ತೇನೆ. ಈ ವಾಕ್ಯವನ್ನು ನಾನು ಹುಟ್ಟಿದಾಗಿನಿಂದ ಬರೆದಿರಲಿಲ್ಲ ಅಕ್ಕ, ರುಚಿಯಾಗಿದೆ, ಇನ್ನೊಂದು ಸಲ ಬರೆಯುತ್ತೇನೆ: ಬರಬೇಕೆನಿಸಿದರೆ ಬರುತ್ತೇನೆ. ಬೇಸರವಾದ ದಿನ ಕೆಲಸ ಅರ್ಧಕ್ಕೆ ಬಿಟ್ಟು ಹೊರಡುತ್ತೇನೆ, ನೀನು ಹಿಂದಿನಿಂದ ಕೂಗುತ್ತೀಯ, ಔಷಧಿಯವನು ರಸ್ತೆ ದಾಟುತ್ತಾನೆ.

ಡ್ರೈವರ್ ಹಿಂದಿನ ಸೀಟು ಯಾರಿಗೂ ಕೊಡಬೇಡಿ ಎಂದು ಭಾವನಿಗೆ ಹೇಳಿದ್ದೇನೆ.

ತಮ್ಮ